ನಮ್ಮದಲ್ಲದ ಟಗರು

ಆರು ವರ್ಷದಿಂದ ತ್ರಿವೇಣಿ ಮಾಡುತ್ತಿದ್ದ ಕೆಲಸವೆಂದರೆ ಅಳಿಸುವುದು. ಸಿನಿಮಾದ ನಾಯಕ ಗಾಳಿಯಲ್ಲಿ ಹಾರಿದರೆ ಅವನ ಬೆನ್ನಿಗೆ ಕಟ್ಟಿದ ಹಗ್ಗ ಅಳಿಸಬೇಕು. ರಾಜರ ಕಾಲದ ಕಥೆಯಾದರೆ ಹಿಂದೆ ಕಾಣುವ ಕರೆಂಟು ಕಂಬ ಅಳಿಸಬೇಕು. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಶೆಡ್ಡೊಂದರ ಮೇಲೆ ಅವಳ ಅಂಗಡಿ. ಕೆಳಗೆ ಹೊಲಿಗೆ ಮಿಷನ್ನುಗಳು ದಡದಡ ಅನ್ನುತ್ತಿದ್ದರೆ ಮೇಲೆ ಅವಳೂ ಅವಳ ಜೊತೆಗಾರ ಗಿರೀಶನೂ ಕಂಪ್ಯೂಟರಿನ ಮುಂದೆ ಕೂತು, ಹೈದರಾಬಾದಿನವರು ಕಳಿಸಿದ ಹಗ್ಗಗಳನ್ನು ಒಂದೊಂದಾಗಿ ಇಲ್ಲವಾಗಿಸುತ್ತಿದ್ದರು. ಮಾಡಿದ ಕೆಲಸ ಕಣ್ಣಿಗೆ ಬಿದ್ದರೆ ಬೈಗುಳ, ಬೀಳದಿದ್ದರೆ ಹೊಗಳಿಕೆಯೂ ಇಲ್ಲ. ಇಂಥ ಹಣೆಬರಹ ಯಾರಿಗೆ ಬೇಕು ಹೇಳಿ. ತ್ರಿವೇಣಿಗಂತೂ ಸಾಕಾಗಿಹೋಗಿತ್ತು.

ಅಂಥ ಹೊತ್ತಿನಲ್ಲಿ ರವಿಶಂಕರ ಮೆಟ್ಟಿಲು ಹತ್ತಿ ಬಂದ. ಮಡಕಶಿರಾ ಕಡೆಯವನು, ಸಣ್ಣ ದುಡ್ಡಿನಲ್ಲಿ ಸಿನಿಮಾ ತೆಗೆಯುವ ನಿರ್ದೇಶಕ. ಅಮರಾಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಕುರಿ ಕಾಯುವವರ ಕಥೆಯೊಂದನ್ನು ತೆಗೆಯುತ್ತಿದ್ದ. ಅದರಲ್ಲಿ ನಾಯಕನಿಗಿಂತ ದೊಡ್ಡ ಪಾತ್ರ ಒಂದು ಟಗರಿನದು. ಜುಂಜಣ್ಣ, ಮೈಲಾರಮ್ಮ ಎಂಬ ಗಂಡಹೆಂಡಿರು ದೇವರಿಗೆ ಬಿಟ್ಟು ಸಾಕಿದ ಟಗರು ಅದು. ಶೂಟಿಂಗು ಇನ್ನೇನು ಮುಗಿಯಿತು ಅನ್ನುವಾಗ ಹೊಟ್ಟೆ ಉಬ್ಬರಿಸಿ ಸತ್ತಿತ್ತು.

“ಇನ್ನು ಮೂರೇ ಶಾಟು ಬಾಕಿ ಇತ್ತು ಮೇಡಂ” ಎಂದ ರವಿಶಂಕರ. “ಎಂಥಾ ಟಗರು ಅಂತೀರಿ. ಕೊನೇ ದಿನ ಬೆಳಿಗ್ಗೆ ಬೇವಿನ ಮರದ ಕೆಳಗೆ ನಿಲ್ಲಿಸಿದ್ವಿ. ಅಲುಗಲಿಲ್ಲ, ತಲೆ ಆಡಿಸಲಿಲ್ಲ, ಒಂದೇ ಸಲಕ್ಕೆ ಓಕೆ. ಯೂನಿಟ್ಟಿನವರೆಲ್ಲ ಚಪ್ಪಾಳೆ ಹೊಡೆದರು. ಸಂಜೆ ಹೊತ್ತಿಗೆ ಇಲ್ಲ.”

“ಅದರಂಥದ್ದು ಇನ್ನೊಂದು ಸಿಗಂಗಿಲ್ಲೇನ್ರಿ?”

“ಸಿಕ್ಕಿತ್ತು. ಮೈಲಾರಮ್ಮ ಬಿಡಲಿಲ್ಲ.”

ಆ ಮನೆಯವರ ನಡಾವಳಿಯಲ್ಲಿ, ದೇವರಿಗೆ ಬಿಟ್ಟ ಟಗರು ಸತ್ತರೆ ಅದರ ಗಂಟೆಯನ್ನು ಇನ್ನೊಂದು ಕುರಿಯ ಕತ್ತಿಗೆ ಕಟ್ಟುವಂತಿಲ್ಲ, ಅದರ ಜಾಗದಲ್ಲಿ ಇನ್ನೊಂದನ್ನು ನಿಲ್ಲಿಸುವಂತೆಯೂ ಇಲ್ಲ. ಹಾಗಾದರೆ ಕಂಪ್ಯೂಟರಿನಲ್ಲಿ ಅದನ್ನೇ ಮತ್ತೆ ಮಾಡಿಸುತ್ತೇನೆ ಎಂದು ರವಿಶಂಕರ ಬೇಡಿಕೊಂಡಾಗ ಮೈಲಾರಮ್ಮ ಯೋಚಿಸಿ ಒಂದು ಕರಾರು ಹಾಕಿದ್ದಳು. ಸಿನಿಮಾ ಮುಗಿದ ಮೇಲೆ ಮೊದಲು ತನಗೆ ತೋರಿಸಬೇಕು. ತಮ್ಮ ಟಗರಲ್ಲ ಅನ್ನಿಸಿದ್ದು ಯಾವುದಿದ್ದರೂ ಕಿತ್ತು ಹಾಕಬೇಕು. ಈ ಮಹಾರಾಯ ಹಿಂದುಮುಂದು ನೋಡದೆ ದೇವರ ಭಂಡಾರದ ಅರಿಶಿನ ಮುಟ್ಟಿ ಆಣೆ ಮಾಡಿಬಿಟ್ಟಿದ್ದ.

“ಅವಳು ಒಪ್ಪಿದರೆ ನನ್ನ ಮುಂದಿನ ಸಿನಿಮಾದ ಪ್ರಾಣಿಗಳೆಲ್ಲ ನಿಮಗೇ. ಒಪ್ಪದಿದ್ದರೆ ಮೂರೂ ಶಾಟು ಕತ್ತರಿಸಿ ಹಾಕ್ತೀನಿ, ನೀವು ಮತ್ತೆ ಹಗ್ಗ ಅಳಿಸ್ಕೊಂಡು ಇರಬಹುದು. ನೇರವಾಗಿ ಹೇಳ್ತಿದ್ದೀನಿ, ಬೇಜಾರು ಮಾಡ್ಕೋಬೇಡಿ.”

ತ್ರಿವೇಣಿಗೆ ಬೇಜಾರಾಗಲಿಲ್ಲ. ಆಸೆಯಾಯಿತು.

ಮೊದಲ ಟಗರು ಬಲು ಚೆನ್ನಾಗಿ ಬಂತು. ಗಿರೀಶ ಅದರ ಮೈಮೇಲಿನ ಉಣ್ಣೆಯನ್ನು ಎಳೆ ಎಳೆಯಾಗಿ ಕೂರಿಸಿದ. ಕೊಂಬಿನ ಸುರುಳಿ, ಮೂಗಿನ ತೇವ, ಕಣ್ಣೊಳಗಿನ ಹೊಳಪು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಕೆಳಗಿನ ಶೆಡ್ಡಿನಿಂದ ಹೆಂಗಸರು ಬಂದು ನೋಡಿ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ರವಿಶಂಕರ ಬಂದ, ನೋಡಿದ, ಟೀ ಕುಡಿದ. “ಚೆನ್ನಾಗಿದೆ” ಎಂದ. ಆಮೇಲೆ ಲೋಟ ಕೆಳಗಿಟ್ಟು, “ಗೊಂಬೆ ಥರ ಚೆನ್ನಾಗಿದೆ” ಎಂದ.

ಗಿರೀಶನಿಗೆ ಸಿಟ್ಟು ನೆತ್ತಿಗೇರಿತು. “ಉಣ್ಣಿ ಇನ್ನಾ ಜಾಸ್ತಿ ಮಾಡೂಣೇನಕ್ಕ?” ಎಂದ.

“ಉಣ್ಣಿ ಸಾಕಪಾ. ಬ್ಯಾರೆ ಏನೋ ಐತಿ” ಎಂದಳು ತ್ರಿವೇಣಿ. ಏನು ಅನ್ನುವುದು ಮಾತ್ರ ಅವಳಿಗೂ ಗೊತ್ತಾಗಲಿಲ್ಲ. ಅದೇ ಶಾಟನ್ನು ನೋಡಿ ನೋಡಿ ಅವಳ ಕಣ್ಣು ಉರಿಯತೊಡಗಿತು, ಊಟ ರುಚಿಸಲಿಲ್ಲ.

ಗೊತ್ತಾದದ್ದು ಬಳ್ಳಾರಿ ರಸ್ತೆಯಲ್ಲಿ. ಅವಳ ಸ್ಕೂಟಿಗೆ ಅಡ್ಡವಾಗಿ ಒಂದು ಮಂದೆ ದಾಟುತ್ತಿತ್ತು. ಹಿಂದಿನಿಂದ ಒಂದು ಟಗರು ಮುಂದಕ್ಕೆ ನುಗ್ಗಿತು. ಕುರಿಗಳ ಬೆನ್ನಿನ ನಡುವೆ ಅದರ ಮೈ ಸರಿಯಾಗಿ ಕಾಣಿಸಲೇ ಇಲ್ಲ. ಕಂಡದ್ದು ಕುರಿಗಳು ಅತ್ತಿತ್ತ ಸರಿದು ದಾರಿ ಬಿಟ್ಟದ್ದು, ಒಂದು ಮರಿ ಎಡವಿದ್ದು, ಧೂಳು ಎದ್ದದ್ದು. ಇಷ್ಟರಿಂದಲೇ, ಅಲ್ಲಿ ಒಂದು ಭಾರವಾದ ಜೀವ ಹೋಗುತ್ತಿದೆ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಅವಳು ಗಾಡಿ ತಿರುಗಿಸಿ ಅಂಗಡಿಗೆ ಬಂದು ತನ್ನ ಶಾಟು ತೆಗೆದು ನೋಡಿದಳು. ಗಿರೀಶನ ಟಗರು ರಾಜನ ಹಾಗೆ ಮಂದೆಯ ನಡುವೆ ನಡೆಯುತ್ತಿತ್ತು. ಸುತ್ತಲಿನ ಕುರಿಗಳು, ಅವು ನಿಜವಾದ ಕುರಿಗಳು, ಅದರ ಕಡೆ ಕಿವಿಯನ್ನೂ ತಿರುಗಿಸಿರಲಿಲ್ಲ. ಶೂಟಿಂಗಿನ ಹೊತ್ತಿಗೆ ಅಲ್ಲಿ ಟಗರೇ ಇರಲಿಲ್ಲ, ಅವು ಯಾಕೆ ತಿರುಗಿಸಿಯಾವು? ಕುರಿಗಳಿಗೇ ಕಾಣದ ಟಗರು ಮನುಷ್ಯರ ಕಣ್ಣಿಗೆ ಹೇಗೆ ಕಂಡೀತು?

“ಕುರಿ ಶಾಟು ಮತ್ತೊಮ್ಮೆ ತಗೀಬೇಕ್ರಿ” ಎಂದು ಅವಳು ರವಿಶಂಕರನಿಗೆ ಫೋನು ಮಾಡಿದಳು. “ಟಗರು ಹೋಗೂ ದಾರ್ಯಾಗ ಯಾರನ್ನಾರ ನಡೆಸ್ರಿ. ಕುರಿ ಸರೀಬೇಕು, ಧೂಳು ಏಳಬೇಕು. ಆಮ್ಯಾಲೆ ಆ ಮನಿಷ್ಯಾನ್ನ ನಾ ಅಳಸ್ತೀನಿ.”

“ಯಾರು ನಡೆದರೆ ಕುರಿ ಬೆದರದೆ ದಾರಿ ಬಿಡ್ತವೆ?”

“ಅವುನ್ನ ಸಾಕಿದಾವ್ರು.”

ಹೀಗೆ ತ್ರಿವೇಣಿ ಮೊದಲ ಸಲ ಆ ಹಳ್ಳಿಗೆ ಹೋದಳು. ಜುಂಜಣ್ಣ ಒಣಕಲು ಆಳು, ಮಾತು ಕಡಿಮೆ. ಟಗರಿನ ಜಾಗದಲ್ಲಿ ಬಗ್ಗಿ ನಡೆಯಬೇಕು ಅಂದಾಗ ಅವನು ಟವೆಲನ್ನು ಹೆಗಲಿನಿಂದ ತೆಗೆದು ಮತ್ತೆ ಹೆಗಲಿಗೆ ಹಾಕಿಕೊಂಡ. ಅವನ ಹೆಂಡತಿ ಏನು ಅನ್ನುತ್ತಾಳೋ ಎಂದು ಎಲ್ಲರಿಗೂ ಅಳುಕಿತ್ತು.

“ಇನ್ನೊಂದು ಕುರಿ ನಿಲ್ಲಂಗಿಲ್ಲ ಅಂದವ್ರೆ ಹಿರೇರು” ಎಂದಳು ಮೈಲಾರಮ್ಮ, ತುಸು ಯೋಚಿಸಿ. “ಮನ್ಸ ನಿಲ್ಲಂಗಿಲ್ಲ ಅಂತ ಯಾರೂ ಅಂದಿಲ್ಲ. ನಡೀಲಿ ಬಿಡು.”

ಜುಂಜಣ್ಣ ಕಂಬಳಿ ಹೊದ್ದು, ಕೈ ಮೊಣಕಾಲಿಗೆ ಊರಿ, ಕಡಲೆಕಾಯಿ ಕಿತ್ತಾದ ಹೊಲದಲ್ಲಿ ಮಂದೆಯನ್ನು ಸೀಳಿಕೊಂಡು ನಡೆದ. ಕುರಿಗಳು ಸರಿದವು, ಧೂಳೂ ಎದ್ದಿತು. ಬದುವಿನ ಮೇಲೆ ಕೂತಿದ್ದ ಮೈಲಾರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. “ಕಟ್ಕಂಡಾಗ್ಲಿಂದ ಇವತ್ತೇ ನೋಡವ್ವ ಇವ್ನು ಕುರಿ ಮುಂದೆ ನಡ್ದಿದ್ದು.” ಕೆಲಸ ಮುಗಿದ ಮೇಲೂ ಜುಂಜಣ್ಣ ತುಸು ಹೊತ್ತು ಬಗ್ಗಿಕೊಂಡೇ ನಿಂತಿದ್ದ. ಸೊಂಟ ಹಿಡಿದಿರಬೇಕು ಎಂದುಕೊಂಡಳು ತ್ರಿವೇಣಿ.

ರವಿಶಂಕರನಿಗೆ ಇನ್ನೊಂದು ಆಸೆಯಿತ್ತು. ಕಂಪ್ಯೂಟರಿನ ಟಗರಲ್ಲವೇ, ಕ್ಯಾಮೆರಾ ಅದರ ಸುತ್ತ ಹಾರಿಕೊಂಡು ಒಂದು ಸುತ್ತು ಬರಲಿ ಅನ್ನುವುದು. ತ್ರಿವೇಣಿ ಕೈಮುಗಿದಳು. “ಮನಿಷ್ಯಾ ನಿಂತು ನೋಡೂ ಜಾಗದಾಗ ಕ್ಯಾಮೆರಾ ಇಡ್ರಿ ಸರ. ಹದ್ದಿನಂಗ ಹಾರ್ಸಿದ್ರ ಜನ ಟಗರು ನೋಡಂಗಿಲ್ಲ, ಕ್ಯಾಮೆರಾ ನೋಡ್ತಾರ.” ಗಿರೀಶನಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಅವನು ತಿಂಗಳುಗಟ್ಟಲೆ ಕೂರಿಸಿದ ಉಣ್ಣೆಯ ಅರ್ಧವನ್ನು ಅವಳು ಧೂಳಿನಲ್ಲಿ ಮುಚ್ಚಿಬಿಟ್ಟಳು. ಅವನು ಆ ಮಧ್ಯಾಹ್ನ ಊಟದ ಡಬ್ಬಿಯನ್ನೇ ತೆಗೆಯಲಿಲ್ಲ. ಮರುದಿನ ಮುಗಿದ ಶಾಟು ನೋಡಿ, “ಹೂಂನಕ್ಕ, ಈಗ ಐತಿ” ಎಂದ, ಅಷ್ಟೆ.

ಒಪ್ಪಿಸುವ ದಿನ ಬಂತು. ಮೈಲಾರಮ್ಮನ ಮನೆಯ ಟೀವಿಗೇ ಲ್ಯಾಪ್‌ಟಾಪಿನ ವೈರು ಸಿಕ್ಕಿಸಿದರು. ಬೆಳಕು ಬಾರದ ಹಾಗೆ ಕಿಟಕಿಗೆ ಕಂಬಳಿ ಕಟ್ಟಿದರು. ಮೈಲಾರಮ್ಮ ಮುಂದೆ ಕಾಲು ಚಾಚಿ ಕೂತಳು, ಜುಂಜಣ್ಣ ಕಂಬಕ್ಕೆ ಒರಗಿದ. ತ್ರಿವೇಣಿ ಗೋಡೆಗೆ ಅಂಟಿಕೊಂಡು ನಿಂತಳು. ಅವಳು ಟೀವಿ ನೋಡಲಿಲ್ಲ, ಮೈಲಾರಮ್ಮನ ಮುಖ ನೋಡುತ್ತಿದ್ದಳು.

ತ್ರಿವೇಣಿ ಮಾಡಿದ ಮೊದಲ ಶಾಟು ಬಂತು, ಟಗರು ಬದು ಹತ್ತಿತು. ಮೈಲಾರಮ್ಮ ಎಲೆ ಅಡಿಕೆ ಅಗಿಯುತ್ತಲೇ ಇದ್ದಳು. ಎರಡನೆಯದು ಬಂತು. ಮಂದೆ ಸೀಳಿಕೊಂಡು ಟಗರು ನುಗ್ಗಿತು, ಕುರಿಗಳು ಸರಿದವು. “ನೋಡ್ದಾ, ಯಾರ್ ಮಾತೂ ಕೇಳ್ತಿರಲಿಲ್ಲ” ಎಂದಳು ಗಂಡನ ಕಡೆ ತಿರುಗಿ. ಮೂರನೆಯದರಲ್ಲಿ ಟಗರು ತಿರುಗಿ ನೋಡಿತು. ಮೈಲಾರಮ್ಮ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು. ಮೂರೂ ದಾಟಿದವು. ತ್ರಿವೇಣಿ ಗೋಡೆಯಿಂದ ಬೆನ್ನು ತೆಗೆದಳು.

ಆಗ ಬೇವಿನ ಮರದ ಶಾಟು ಬಂತು.

“ಇದ್ಯಾವ್ದಿದು?” ಎಂದಳು ಮೈಲಾರಮ್ಮ. ಅಗಿಯುವುದು ನಿಂತಿತ್ತು. “ನಿಲ್ಸಪ್ಪ, ನಿಲ್ಸು. ಇದು ನಮ್ದಲ್ಲ.”

ರವಿಶಂಕರ ನಿಲ್ಲಿಸಿದ. ಅವನ ಮುಖದಲ್ಲಿ ನಗು ಮೂಡುವುದರಲ್ಲಿತ್ತು. ಇದು ಕಂಪ್ಯೂಟರಿನದಲ್ಲ, ನಿಮ್ಮ ಟಗರೇ ಬದುಕಿದ್ದಾಗ ನಿಂತದ್ದು ಎಂದು ಹೇಳಬೇಕು ಅನ್ನುವಷ್ಟರಲ್ಲಿ ಅವಳು ಮುಂದುವರಿಸಿದಳು.

“ನಮ್ಮದು ಇಂಗೆ ನಿಂತ್ಕಂಡಿದ್ದು ನಾ ಕಂಡೇ ಇಲ್ಲ. ಕಿವಿ ಜೋತು ಬಿದ್ದವೆ. ಮೆಲುಕಾಡ್ತಿಲ್ಲ. ಕಣ್ಣಾಗೆ ಉಸ್ರೇ ಇಲ್ಲ. ಮಿಸನ್ನಾಗೆ ಮಾಡಿದ್ದು ಇದೇ ತಾನೆ? ಮಿಕ್ಕಿದ್ದೆಲ್ಲ ಸರಿಯಾಗೈತೆ ಕಣಪ್ಪ. ಇದೊಂದು ತೆಗೆದಾಕು.”

ತ್ರಿವೇಣಿಗೆ ಅರ್ಥವಾಯಿತು. ಟಗರು ಸತ್ತ ದಿನ ಮೈಲಾರಮ್ಮ ಊರಲ್ಲಿರಲಿಲ್ಲ, ತಂಗಿಯ ಮನೆಗೆ ಮಡಕಶಿರಾಕ್ಕೆ ಹೋಗಿದ್ದಳು ಎಂದು ಶೂಟಿಂಗಿನವರು ಹೇಳಿದ್ದು ನೆನಪಾಯಿತು. ಟಗರನ್ನು ಹಿಡಿದುಕೊಂಡು ಮರದ ಕೆಳಗೆ ನಿಲ್ಲಿಸಿದವನು ಜುಂಜಣ್ಣ. ಅಲುಗಲಿಲ್ಲ ಎಂದು ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಅದು ಅಲುಗಲಾರದೆ ನಿಂತಿತ್ತು.

ರವಿಶಂಕರ ಇನ್ನೂ ಬಾಯಿ ತೆರೆದೇ ಇದ್ದ. ಹೇಳಬೇಡಿ ಅನ್ನುವ ಹಾಗೆ ತ್ರಿವೇಣಿ ಅವನ ತೋಳು ಮುಟ್ಟಿದಳು. ಕಂಬದ ಕಡೆಯಿಂದ ಜುಂಜಣ್ಣನ ದನಿ ಬಂತು. “ತೆಗೆದಾಕ್ರಿ ಸಾಮಿ. ನಮ್ದಲ್ಲ ಅದು.”

ಕಂಬಳಿ ಬಿಚ್ಚಿದರು, ಮನೆಯೊಳಗೆ ಬಿಸಿಲು ಬಂತು. ಮೈಲಾರಮ್ಮ ಎಲ್ಲರಿಗೂ ಮಜ್ಜಿಗೆ ತರಲು ಒಳಗೆ ಹೋದಳು. ಜುಂಜಣ್ಣ ಕಾರಿನ ತನಕ ಬಂದ. ಬಾಗಿಲು ಹಿಡಿದು ನಿಂತು ತ್ರಿವೇಣಿಯನ್ನು ಕೇಳಿದ. “ಅದನ್ನ ಪೂರಾ ಅಳಿಸ್ಬಿಡ್ತೀಯೇನವ್ವ?”

“ಸಿನಿಮಾದಾಗ ಇರಂಗಿಲ್ರಿ. ನನ್ನ ಕಡಿ ಇಟಗೊಂಡಿರ್ತೀನಿ.”

“ಇಟ್ಕ. ಅವ್ಳಿಗೆ ತೋರಿಸ್ಬ್ಯಾಡ.” ಅವನು ಟವೆಲಿನಿಂದ ಮುಖ ಒರೆಸಿಕೊಂಡ. “ಅವತ್ತು ಚೆನ್ನಾಗಿ ನಿಂತೈತೆ ಅಂತ ನಾನೂ ಅಂದ್ಕಂಡೆ.”

ವಾಪಸು ಬರುವಾಗ ಕಾರಿನಲ್ಲಿ ರವಿಶಂಕರ ಹೇಳಿದ, “ಆಣೆ ಆಣೆಯೇ. ಬೇವಿನ ಮರದ್ದನ್ನೂ ನೀವೇ ಮಾಡಿಬಿಡಿ. ಮುಂದಿನ ಸಿನಿಮಾ ನಿಮ್ಮದೇ, ಇನ್ನು ಮಾತಿಲ್ಲ.” ತ್ರಿವೇಣಿಗೆ ಬೇಕಾದದ್ದು ಸಿಕ್ಕಿತ್ತು. ಖುಷಿಯೂ ಆಯಿತು, ಸುಳ್ಳೇಕೆ ಹೇಳುವುದು. ಆ ಖುಷಿ ಮಾತ್ರ ಕಲ್ಯಾಣದುರ್ಗ ದಾಟುವವರೆಗೂ ಉಳಿಯಲಿಲ್ಲ.

ಅಂಗಡಿಯಲ್ಲಿ ಅವಳು ಆ ಶಾಟನ್ನು ದೊಡ್ಡದು ಮಾಡಿ ನೋಡಿದಳು. ಎಡಗಡೆಯ ಹೊಟ್ಟೆ ಉಬ್ಬಿತ್ತು. ಕಾಣಿಸುವಷ್ಟು ಉಬ್ಬಿತ್ತು, ಆದರೂ ಅಷ್ಟು ಜನರಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವಳು ಅಳಿಸಲು ಕೂತಳು. ಹಗ್ಗ, ಕಂಬ ಅಳಿಸಿದ ಕೈಯೇ ಅದು, ಅದಕ್ಕೆ ಹೊಸದಾಗಿ ಕಲಿಯುವುದೇನೂ ಇರಲಿಲ್ಲ. ಮೊದಲು ಕೊಂಬು ಹೋಯಿತು, ಕಿವಿ ಹೋಯಿತು, ಉಬ್ಬಿದ ಹೊಟ್ಟೆ ಹೋಗಿ ಅದರ ಜಾಗಕ್ಕೆ ಬೇವಿನ ಬೊಡ್ಡೆ ಬಂತು. ಅವಳ ಕಣ್ಣು ತುಂಬಿತು. ಒರೆಸಿಕೊಂಡು ಕೆಲಸ ಮುಂದುವರಿಸಿದಳು. ಕಡೆಗೆ ಕಾಲುಗಳೂ ಹೋದವು. ಶೂಟಿಂಗಿನ ಹಿಂದಿನ ದಿನದ ಮಳೆಹನಿಗೆ ನೆನೆದಿದ್ದ ಮಣ್ಣಿನಲ್ಲಿ ನಾಲ್ಕು ಗೊರಸಿನ ಗುರುತುಗಳು ಉಳಿದವು.

“ಅವುನ್ನೂ ತಗದು ಹೊಸಾವು ಹಾಕ್ಲೇನಕ್ಕ?” ಎಂದ ಗಿರೀಶ.

“ಬ್ಯಾಡ. ನಿನ್ನ ಟಗರಿನ ಕಾಲು ಇವುರಾಗ ಇಡು.”

ಸಿನಿಮಾ ಮಡಕಶಿರಾದ ಟಾಕೀಸಿಗೆ ಬಂದಾಗ ತ್ರಿವೇಣಿ ಹೋದಳು. ಬಾಗಿಲಲ್ಲಿ ಜುಂಜಣ್ಣ ಸಿಕ್ಕ. ಅವನ ಹೆಂಡತಿ ಮುಂದೆ ಹೋಗಲಿ ಎಂದು ಕಾದು, ತ್ರಿವೇಣಿ ಮೆಲ್ಲಗೆ ಹೇಳಿದಳು, “ಬೇವಿನ ಗಿಡದ ಕೆಳಗ ಹೆಜ್ಜಿ ಮಾತ್ರ ಹಳೇವು ಅದಾವ್ರಿ.” ಅವನು ತಲೆಯಾಡಿಸಿ ಒಳಗೆ ಹೋದ. ಅವರ ಹಿಂದಿನ ಸಾಲಿನಲ್ಲಿ ಅವಳು ಕೂತಳು.

ಬೇವಿನ ಮರ ಬಂತು. ಅದರ ಕೆಳಗೆ ಟಗರು ಕಿವಿ ನಿಗುರಿಸಿ, ಮೆಲುಕಾಡುತ್ತ ನಿಂತಿತ್ತು. ಜನ ಯಾರೂ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಅವಳಿಗೆ ಬೇಕಾಗಿದ್ದ ಹೊಗಳಿಕೆ. ಮೈಲಾರಮ್ಮ ಮೊಣಕೈಯಿಂದ ಗಂಡನನ್ನು ತಿವಿದಳು. “ಈಗ ನೋಡು. ಇದು ನಮ್ದು.”

“ಹೂಂ” ಎಂದ ಜುಂಜಣ್ಣ. ಅವನ ಕಣ್ಣು ಪರದೆಯ ಕೆಳಗೆ, ಮಣ್ಣಿನ ಮೇಲಿತ್ತು.