ಹಾರ ಬೇಡವೆಂದ ಫ್ಲೆಕ್ಸ್

ಹಾವನೂರು ಸರ್ಕಲ್‌ನಲ್ಲಿ ನನ್ನ ತಮ್ಮ ಶಿವಕಿರಣನ ಪುಣ್ಯಸ್ಮರಣೆಗೆ ಕಟ್ಟಿದ್ದ ಫ್ಲೆಕ್ಸ್ ನೋಡಿ ಸ್ಕೂಟರ್ ನಿಲ್ಲಿಸಿದೆ. 'ಮತ್ತೆ ಹುಟ್ಟಿ ಬಾ' ಎಂದು ಬರೆದಿತ್ತು. ಮೇಲೆ ನಗುತ್ತಿದ್ದವನು ನಾನು.

ಚಿಕ್ಕಪ್ಪನ ಮಗಳ ಮದುವೆಯಲ್ಲಿ ತೆಗೆದ ಫೋಟೋ. ನಾವಿಬ್ಬರೂ ಅಮ್ಮನ ಮುಖವನ್ನೇ ಹೊತ್ತು ಹುಟ್ಟಿದವರು. ಅವನು ಮೂರೇ ಸಿನಿಮಾದಲ್ಲಿ ಊರನ್ನೇ ನಗಿಸಿ, ಅಳಿಸಿ, ಕೆಂಗೇರಿಯ ಹತ್ತಿರ ಬೈಕು ಜಾರಿ ಹೋಗಿಬಿಟ್ಟ. ಅಂದಿನಿಂದ ವಿಜಯನಗರದ ನನ್ನ ಕನ್ನಡಕದ ಅಂಗಡಿಗೆ ಬರುವವರಲ್ಲಿ ಅರ್ಧ ಜನ ನನ್ನ ಮುಖ ನೋಡಲು ಬರುತ್ತಾರೆ. ಒಬ್ಬರು ಆಂಟಿ ಕೆನ್ನೆ ಹಿಡಿದು ಅತ್ತೇಬಿಟ್ಟರು. ತಪ್ಪಿಸಿಕೊಳ್ಳೋಣ ಎಂದು ಗಡ್ಡ ಬಿಟ್ಟರೆ, ಎರಡನೇ ಸಿನಿಮಾದ ಗೆಟಪ್ಪು ಎಂದರು. ಈಗ ಅವನ ಸಾವೂ ನನ್ನ ಪಾಲಿಗೇ ಬಂದಿತ್ತು.

ಅಭಿಮಾನಿ ಸಂಘದ ಅಧ್ಯಕ್ಷ, ಆಟೋ ಓಡಿಸುವ ನಾಗೇಂದ್ರನಿಗೆ ಫ್ಲೆಕ್ಸ್ ಇಳಿಸಲು ಹೇಳಿದೆ.

"ಯಾಕಣ್ಣ? ಫೋಟೋ ಅಮ್ಮನೇ ಕಳ್ಸಿದ್ದು. ಹಾರ ಮಾತ್ರ ಹಾಕ್ಬೇಡಿ ಅಂದ್ರು. ಪಾಪ, ಮಗ ಇನ್ನೂ ಬದುಕಿದಾನೆ ಅಂದ್ಕೊಂಡವ್ರೆ."

ಬದುಕಿರುವ ಮಗನ ಫೋಟೋಗೆ ಯಾವ ತಾಯಿ ಹಾರ ಹಾಕಿಸುತ್ತಾಳೆ? ಅಂದರೆ ಅದು ನನ್ನ ಫೋಟೋ ಎಂದು ಅಮ್ಮನಿಗೆ ಗೊತ್ತಿತ್ತು.

ಅವಳು ಫ್ಲೆಕ್ಸ್ ಎದುರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಬಗ್ಗಿ, ಅದು ನಾನು ಎಂದೆ.

"ಗೊತ್ತು ಕಣೋ." ಕಣ್ಣು ಕೀಳಲಿಲ್ಲ. "ಅವನ ಫೋಟೋದಲ್ಲೆಲ್ಲ ಯಾರ್ಯಾರೋ ಆಗಿದಾನೆ. ಒಂದ್ರಲ್ಲಿ ಪೊಲೀಸು, ಒಂದ್ರಲ್ಲಿ ಕುಡುಕ. ಮನೇಲಿ ನಗ್ತಿದ್ನಲ್ಲ, ಆ ನಗು ಒಂದ್ರಲ್ಲೂ ಇಲ್ಲ. ನಿಂದ್ರಲ್ಲಿತ್ತು. ಇವತ್ತೊಂದಿನ ಇರ್ಲಿ ಬಿಡೋ."

ಅಷ್ಟರಲ್ಲಿ ತಮಟೆ ಸದ್ದಿನ ಜೊತೆ ಕ್ರೇನ್ ಬಂತು. ಕೊಕ್ಕೆಯಲ್ಲಿ ಆಳೆತ್ತರದ ಸೇಬಿನ ಹಾರ. ಹಾರ ಬೇಡ ಎಂದಿದ್ದು ಹುಡುಗರಿಗೆ ತಲುಪಿರಲಿಲ್ಲವೋ, ತಲುಪಿದರೂ ಮನಸ್ಸು ಕೇಳಲಿಲ್ಲವೋ. ಇದು ನನ್ನ ಮುಖ ಎಂದರೆ ಇಡೀ ಸರ್ಕಲ್ ಅಮ್ಮನನ್ನು ನೋಡಿ ನಗುತ್ತದೆ. ಸುಮ್ಮನಿದ್ದರೆ ಆ ಹಾರ ನನ್ನ ಫೋಟೋದ ಕೊರಳಿಗೆ. ಅಮ್ಮನ ಕೈ ಸೆರಗನ್ನು ಹಿಂಡುತ್ತಿತ್ತು.

ಓಡಿಹೋಗಿ ಫ್ಲೆಕ್ಸ್‌ಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ನಿಂತೆ. ಅಮ್ಮ ಬೇಡ ಅಂದಿದ್ದಾರೆ, ಯಾರೂ ಹಾಕಬೇಡಿ ಎಂದೆ. ತಮಟೆ ನಿಂತಿತು. ಇಷ್ಟು ದೊಡ್ಡ ಹಾರವನ್ನು ವಾಪಸ್ ಒಯ್ಯುವುದಾದರೂ ಹೇಗೆ ಎಂದು ಹುಡುಗರು ಗೊಣಗಿದರು.

ನಾಗೇಂದ್ರ ತಲೆ ಕೆರೆದುಕೊಂಡ. "ಸರಿ ಬಿಡ್ರೋ, ಅಣ್ಣನಿಗೇ ಹಾಕಿ. ಅದೇ ಮುಖ ಅಲ್ವಾ."

ಹಾರ ಇಳಿಯಿತು. ಹೆಗಲು ಕುಸಿಯಿತು, ಅಲ್ಲಾಡಲೂ ಆಗಲಿಲ್ಲ. ಸುತ್ತ ಶಿವಕಿರಣನಿಗೆ ಜೈಕಾರ. ಕುರ್ಚಿಯಲ್ಲಿದ್ದ ಅಮ್ಮ ನನ್ನ ತಲೆಯ ಮೇಲಿನ ಆ ನಗುವನ್ನೇ ನೋಡುತ್ತಿದ್ದಳು.