ಪ್ಲಾಸ್ಟಿಕ್ ಕುರ್ಚಿಯ ಏಟು

೧

ಈ ಕಥೆಯನ್ನು ಟಿವಿಯಿಂದ ಶುರು ಮಾಡಬೇಕೋ, ಕುರ್ಚಿಯಿಂದ ಶುರು ಮಾಡಬೇಕೋ ನನಗಿನ್ನೂ ಬಗೆಹರಿದಿಲ್ಲ. ಟಿವಿಯಿಂದ ಶುರು ಮಾಡಿದರೆ ‘ಇದೇನೋ ಮಕ್ಕಳ ಕಥೆ’ ಎಂದು ನೀವು ಪುಟ ತಿರುವುತ್ತೀರಿ. ಕುರ್ಚಿಯಿಂದ ಶುರು ಮಾಡಿದರೆ ‘ಓಹೋ, ರಾಜಕೀಯ!’ ಎಂದು ಕಣ್ಣರಳಿಸುತ್ತೀರಿ, ಆಮೇಲೆ ಅದು ಬರೀ ಪ್ಲಾಸ್ಟಿಕ್ ಕುರ್ಚಿ ಎಂದು ಗೊತ್ತಾಗಿ ನನ್ನನ್ನು ಬೈಯುತ್ತೀರಿ. ಬೈಸಿಕೊಳ್ಳುವುದು ಹೇಗೂ ತಪ್ಪಿದ್ದಲ್ಲ. ಟಿವಿಯನ್ನೇ ಹಚ್ಚುತ್ತೇನೆ.

(ಮೊದಲ ಕರಡು ‘ಕಲಬುರಗಿಯ ಉರಿಬಿಸಿಲಿನಲ್ಲಿ...’ ಎಂದಿತ್ತು. ಹರಿದು ಹಾಕಿದೆ. ಇದು ಡಿಸೆಂಬರ್ ತಿಂಗಳು. ನಂಬಿ ಬಿಡಿ, ಇಲ್ಲಿಯೂ ಜನ ಸ್ವೆಟರ್ ಹಾಕುತ್ತಾರೆ.)

೨

ವಿದ್ಯಾವತಿ ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯವಳು, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಮಧ್ಯಾಹ್ನ ಊಟವಾದ ಮೇಲೆ ಟಿವಿಯಲ್ಲಿ ಪ್ರವಚನ ಹಚ್ಚಿಕೊಂಡು ಕೂತಲ್ಲೇ ತೂಕಡಿಸುವುದು ಅವಳ ರೂಢಿ. ಅವತ್ತು ಪ್ರವಚನದ ಬದಲು ಬೀಸಣಿಗೆ ಹಿಡಿದ ಹುಡುಗಿಯೊಬ್ಬಳು ಪರದೆಯ ಮೇಲೆ ಹಾರಿಬಂದಳು. ಮಾಳಿಗೆಯ ಮೇಲೆ ಬಾಡಿಗೆಗಿದ್ದ ಮದಿಹಾ ಹಿಂದಿನ ದಿನ ಇದೇ ಟಿವಿಯಲ್ಲಿ ಏನೋ ನೋಡಿ, ಹಾಗೇ ಬಿಟ್ಟು ಹೋಗಿದ್ದಳು. ಮದಿಹಾ ಸ್ಟೇಶನ್ ಬಜಾರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅವತ್ತು ರಜೆ.

“ಮದಿಹಾ! ನಿನ್ನ ಗೊಂಬಿ ಪಿಚ್ಚರ್ ಚಾಲೂ ಆಗ್ಯಾದ ನೋಡು. ಬಂದ್ ಮಾಡು ಬಾ!”

“ಗೊಂಬಿ ಪಿಚ್ಚರ್ ಅಲ್ರೀ ಆಂಟಿ, ಅನಿಮೆ ಅಂತಾರ. ಜಪಾನಿಂದು.”

“ಏನರ ಅನ್ಲಿ. ಬಂದ್ ಮಾಡು.”

ಮದಿಹಾ ಮೆಟ್ಟಿಲಿಳಿದು ಬಂದು ರಿಮೋಟ್ ಎತ್ತಿಕೊಂಡಳು. ಅಷ್ಟರಲ್ಲಿ ಪರದೆಯ ಮೇಲಿನ ಹುಡುಗಿಯನ್ನು ಕಪ್ಪು ಕವಚದ ಸೇನಾಪತಿಯೊಬ್ಬ ಕೆರೆಗೆ ಎತ್ತಿ ಎಸೆದ.

“ತಡಿ, ತಡಿ! ಈ ಹುಡುಗಿ ಮ್ಯಾಲ ಬರ್ತಾಳೋ ಇಲ್ಲೋ ನೋಡಮ್!”

ಹುಡುಗಿ ಮೇಲೆ ಬಂದಳು. ಪ್ರವಚನದವರು ಆ ದಿನ ಯಾರಿಗೆ ಪ್ರವಚನ ಹೇಳಿದರೋ ಗೊತ್ತಿಲ್ಲ.

೩

ಹುಡುಗಿಯ ಹೆಸರು ಮಿನೋರಿ. ಬೀಸಣಿಗೆ ಮಾಡುವವರ ಮಗಳು, ಬೀಸಣಿಗೆಯಿಂದಲೇ ಹೊಡೆದಾಡುತ್ತಾಳೆ. ಮಾತೆಲ್ಲ ಹಿಂದಿಯಲ್ಲಿ. ಹೊಡೆಯುವ ಮೊದಲು ನಿಂತು, ಏಟಿನ ಹೆಸರನ್ನು ಗಟ್ಟಿಯಾಗಿ ಕೂಗಿ, ಆಮೇಲೆ ಹೊಡೆಯುತ್ತಾಳೆ. ವೈರಿಯೂ ಅಷ್ಟೇ. ತನ್ನ ಸರದಿ ಬರುವ ತನಕ ಸುಮ್ಮನೆ ನಿಂತು ಕೇಳಿಸಿಕೊಳ್ಳುತ್ತಾನೆ.

“ಹುಚ್ಚರು,” ಎಂದಳು ವಿದ್ಯಾವತಿ. “ಮೊದಲೇ ಹೇಳಿದ್ರ ಅಂವ ತಪ್ಪಿಸ್ಕೊಳ್ಳಂಗಿಲ್ಲೇನು?”

“ಅದೇ ರೀ ಆಂಟಿ ಮಜಾ. ಹಿಂದಿಂದ ಹೊಡ್ಯಾದು ಅವರಿಗಿ ನಾಚಿಗಿ.”

ಈ ಮಾತು ವಿದ್ಯಾವತಿಯ ತಲೆಯಲ್ಲಿ ಕೂತುಬಿಟ್ಟಿತು. ಮರುದಿನ ಊಟಕ್ಕೆ ಕೂತಾಗ ಗಂಡ ಗುರುಪ್ರಸಾದ ಎಂದಿನಂತೆ, “ಪುಂಡಿಪಲ್ಯದಾಗ ಉಪ್ಪ ಕಮ್ಮಿ ಆಗ್ಯಾದ,” ಎಂದ. ವಿದ್ಯಾವತಿ ಎದ್ದು ನಿಂತಳು. ಸೌಟು ಎತ್ತಿದಳು.

“ತಾಟ ಕಸಗೊಳ್ಳೋ ಏಟು!” ಎಂದು ಕೂಗಿ, ಅವನ ತಾಟು ಕಸಿದುಕೊಂಡಳು.

ಗುರುಪ್ರಸಾದ ಬಾಯಲ್ಲಿ ಅರ್ಧ ರೊಟ್ಟಿ ಇಟ್ಟುಕೊಂಡು ಮಾಳಿಗೆಯ ಕಡೆ ನೋಡಿ ಕೂಗಿದ: “ಮದಿಹಾ, ನಿಮ್ಮ ಆಂಟಿ ರಕ್ತ ಒಮ್ಮಿ ಚೆಕ್ ಮಾಡವ್ವ!”

(ನನಗೆ ಇಲ್ಲೇ ಕಥೆ ಮುಗಿಸಲು ಮನಸ್ಸಿತ್ತು. ನಗು ಬಂದಿದೆ, ಪಾತ್ರಗಳು ಸುಖವಾಗಿವೆ. ಆದರೆ ವಿದ್ಯಾವತಿ ನನ್ನ ಕಾಲರ್ ಹಿಡಿದಳು. “ಏ ಬರಿಯಾಂವಾ, ಅಕ್ಕನ ಸುದ್ದಿ ಯಾವಾಗ ತೆಗಿತಿ?” ಆ ಸುದ್ದಿ ತೆಗೆದರೆ ಕಾಮಿಡಿ ಕೆಡುತ್ತದೆ ಎಂದೆ. “ಕೆಟ್ರ ಕೆಡ್ಲಿ. ನಂಗ ಎದಿ ಉರಿಯಾಕತ್ತದ, ನಿಂಗ ಕಾಮಿಡಿದು ಚಿಂತಿ.”)

೪

ಹಾಗಾದರೆ ಅಕ್ಕ.

ವಿದ್ಯಾವತಿಯ ಅಕ್ಕ ಸೂಗಮ್ಮ ಕಮಲಾಪುರದಲ್ಲಿದ್ದಾಳೆ. ಕೆಂಪು ಬಾಳೆಯ ತೋಟ, ಪಕ್ಕದಲ್ಲಿ ಜೋಳದ ಹೊಲ. ಅವ್ವ ತೀರಿಕೊಂಡ ಮೇಲೆ ವಿದ್ಯಾವತಿಗೆ ತವರು ಎಂದರೆ ಈ ಹೊಲವೇ. ಪ್ರತಿ ಎಳ್ಳಮವಾಸ್ಯೆಗೆ ಹೊಲದಲ್ಲಿ ಪೂಜೆಯಾದ ಮೇಲೆ ಅಕ್ಕ ಮುಂದೆ ಮುಂದೆ ಚರಗ ಚೆಲ್ಲುತ್ತ, ಅಂದರೆ ಅಡಿಗೆಯ ತುತ್ತುಗಳನ್ನು ಭೂಮಿತಾಯಿಗೆಂದು ಬೆಳೆಯೊಳಗೆ ಎಸೆಯುತ್ತ ನಡೆದರೆ, ಹಿಂದೆ ಹಿಂದೆ ಚಂಬು ಹಿಡಿದು ನೀರು ಬಿಡುತ್ತ ಹೋಗುವವಳು ತಂಗಿ. ಸಣ್ಣವರಿದ್ದಾಗ ಅಪ್ಪನ ಹೊಲದಲ್ಲೂ ಹೀಗೆಯೇ. ಆ ಚಂಬು ಬೇರೆಯವರ ಕೈಗೆ ಹೋದದ್ದೇ ಇಲ್ಲ.

ಹೋದ ಬೇಸಿಗೆಯಲ್ಲಿ ವಿದ್ಯಾವತಿ ಮಾಳಿಗೆ ಮನೆ ಕಟ್ಟಿಸಿ ಪೂಜೆ ಇಟ್ಟುಕೊಂಡಳು. ನಮ್ಮ ಕಡೆ ಮೊದಲ ಕಾರ್ಡು ಮನೆದೇವರಿಗೆ. ಎರಡನೆಯದನ್ನು ಒಡಹುಟ್ಟಿದವರ ಮನೆಗೆ ಖುದ್ದು ಹೋಗಿ, ಕುಂಕುಮ ಹಚ್ಚಿ, ಕೈಗೆ ಕೊಡಬೇಕು. ಆಮೇಲೆ ಊರಿಗೆ. ವಿದ್ಯಾವತಿ ದೇವರಿಗೆ ಕೊಟ್ಟಳು. ಅಷ್ಟರಲ್ಲಿ ಟೈಲ್ಸ್ ಹಾಕುವವನು ಕೈಕೊಟ್ಟ, ಮೊಣಕಾಲು ನೋವು ಬಂತು. ‘ಅಕ್ಕ ನಮ್ಮಕಿನೇ, ನಮ್ಮಕಿಗಿ ಏನ್ ಕರ್ಯೋದು’ ಎಂದುಕೊಂಡು, ಊರಿಗೆಲ್ಲ ಒತ್ತಿದ ಹಾಗೆ ಅಕ್ಕನ ಹೆಸರನ್ನೂ ಒತ್ತಿ, ಕಾರ್ಡನ್ನು ವಾಟ್ಸಾಪಿನಲ್ಲಿ ಕಳಿಸಿಬಿಟ್ಟಳು. ಕಾರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತು: ‘ಇದನ್ನೇ ಖುದ್ದು ಆಹ್ವಾನವೆಂದು ಭಾವಿಸಬೇಕಾಗಿ ವಿನಂತಿ.’

ಸೂಗಮ್ಮ ಭಾವಿಸಲಿಲ್ಲ. ಪೂಜೆಗೆ ಬರಲಿಲ್ಲ. ಫೋನೂ ಎತ್ತಲಿಲ್ಲ.

ನಮ್ಮವರನ್ನು ಕರೆಯುವುದೇ ಬೇಡ ಎನ್ನುವುದೂ ಖರೇ, ನಮ್ಮವರನ್ನೇ ಮೊದಲು ಕರೆಯಬೇಕು ಎನ್ನುವುದೂ ಖರೇ. ಯಾವಾಗ ಯಾವುದು ಖರೇ ಎಂದು ಹೇಳುವವರು ಯಾರೂ ಇಲ್ಲ. ನೀವು ಬೇರೆ ಕಡೆಯವರಾದರೆ ನಿಮ್ಮ ಪುಣ್ಯ.

೫

ಎಳ್ಳಮವಾಸ್ಯೆ ಹತ್ತಿರ ಬಂತು. ಒಂದು ಮಧ್ಯಾಹ್ನ ಮಿನೋರಿ ಹಿಮದಲ್ಲಿ ತಾಲೀಮು ಮಾಡುತ್ತಿದ್ದಾಗ ವಿದ್ಯಾವತಿಯ ಫೋನು ಟಿಣ್ ಎಂದಿತು. ಅಕ್ಕನ ನಂಬರಿನಿಂದ ಒಂದು ಕಾರ್ಡು! ಸುತ್ತ ಗುಲಾಬಿ ಹೂವು, ಮಿಣಮಿಣ ಹೊಳೆಯುವ ದೀಪ. ‘ಚರಗದ ಊಟಕ್ಕೆ ತಮಗೆ ಆದರದ ಸ್ವಾಗತ.’ ಕೆಳಗೆ, ಹೌದು, ಅದೇ ಸಾಲು. ಖುದ್ದು ಆಹ್ವಾನವೆಂದು ಭಾವಿಸಬೇಕಾಗಿ ವಿನಂತಿ.

“ಅಯ್ಯಯ್ಯ, ಆಂಟಿ, ಕರ್ದಾರಲ್ರೀ! ಖುಷಿ ಪಡ್ರಿ,” ಎಂದಳು ಮದಿಹಾ.

“ಹುಚ್ಚಿ, ಇದು ಕರ್ಯಾದಲ್ಲ, ಹೊಡ್ಯಾದು,” ಎಂದಳು ವಿದ್ಯಾವತಿ. ಅವಳ ಕಣ್ಣು ತುಂಬಿತ್ತು. “ನನ್ನ ಹೊಲಕ್ಕ ನನಗೇ ಬೀಗರಂಗ ಕರ್ದಾಳ. ತಮಗ ಅಂತ!”

(ಇಲ್ಲಿ ಕಥೆ ಎರಡು ದಾರಿಯಾಗುತ್ತದೆ. ನನ್ನ ಎರಡನೆಯ ಕರಡಿನಲ್ಲಿ ವಿದ್ಯಾವತಿ ಹೋಗುವುದಿಲ್ಲ. ಟಿವಿ ಮುಂದೆ ಕೂತು ಒಬ್ಬಳೇ ಅಳುತ್ತಾಳೆ. ಕಿಟಕಿಯಲ್ಲಿ ಒಂದು ಪಾರಿವಾಳ. ಪಾರಿವಾಳ ಬಹಳ ಚೆನ್ನಾಗಿ ಬಂದಿತ್ತು. ಆದರೆ ಈ ಸಲ ಕಮಲಾಪುರದಿಂದ ಸೂಗಮ್ಮನೇ ಕೂಗಿದಳು: “ಅಲ್ಲೋ, ಅಕಿ ಬರ್ಲಿಲ್ಲ ಅಂದ್ರ ನಾ ಯಾರ ಮ್ಯಾಲ ಸಿಟ್ಟಾಗ್ಲಿ? ಪಾರಿವಾಳದ ಮ್ಯಾಲೇನು? ಮತ್ತ ನೀ ನನ್ನ ವಿಲನ್ ಮಾಡಾಕತ್ತೀಯಂತಲ್ಲ, ಖರೇ ಏನು?” ಇಲ್ಲ ಅಮ್ಮಾ, ತಂಗಿಯ ಮನೆ ಪೂಜೆಯ ಮುಂಚೆ ನೀವು ಏನು ಮಾಡುತ್ತಿದ್ದಿರಿ ಎಂದು ಹೇಳಿದರೆ ಬರೆಯುತ್ತೇನೆ ಎಂದೆ. “ನಿನಗ್ಯಾಕ ಹೇಳ್ಲಿ? ಕೇಳಬೇಕಾದಾಕಿ ಕೇಳಿಲ್ಲ,” ಎಂದು ಮುಖ ತಿರುಗಿಸಿದಳು.)

೬

ಕೇಳಬೇಕಾದವಳಿಗೆ ಬುದ್ಧಿ ಬಂದದ್ದು ಕಪ್ಪು ಸೇನಾಪತಿಯಿಂದ.

ಮಿನೋರಿ ಅವನನ್ನು ಕೆಳಗೆ ಕೆಡವಿ, ಕೊನೆಯ ಏಟಿಗೆ ಬೀಸಣಿಗೆ ಎತ್ತಿದ್ದಳು. ಆಗ ಕಥೆ ನಿಂತೇಬಿಟ್ಟಿತು. ಸೇನಾಪತಿ ಸಣ್ಣವನಾಗಿದ್ದ ಕಾಲ ಶುರುವಾಯಿತು. ಊರಿನ ಹಬ್ಬದಲ್ಲಿ ಎಲ್ಲ ಮಕ್ಕಳನ್ನೂ ಊಟಕ್ಕೆ ಕರೆಯುತ್ತಾರೆ, ಇವನನ್ನು ಕರೆಯುವುದು ಮರೆಯುತ್ತಾರೆ. ಇವನು ಕೈಕಾಲು ತೊಳೆದುಕೊಂಡು ಬಾಗಿಲಲ್ಲಿ ಕೂತೇ ಇರುತ್ತಾನೆ.

“ಇದೇನ ಮದಿಹಾ! ಹೊಡಿಯೋ ಟೈಮಿಗೆ ವಿಲನ್‌ನ ಬಾಲ್ಯ ಯಾರು ಕೇಳಿದ್ರು?”

“ಎಲ್ಲಾ ಅನಿಮೆದಾಗೂ ಹಿಂಗೇ ರೀ. ವಿಲನ್‌ಗೂ ಒಂದು ಫ್ಲ್ಯಾಶ್‌ಬ್ಯಾಕ್ ಇರ್ತದ.”

ವಿದ್ಯಾವತಿ ಮೂಗು ಒರೆಸಿಕೊಂಡಳು.

“ನಮ್ಮ ಅಕ್ಕಂದೂ ಇದ್ದಿರ್ಬೇಕು,” ಎಂದಳು. “ನಾ ನನ್ನ ಮೊಣಕಾಲಿನ ಸುದ್ದಿನೇ ಹೇಳ್ಕೋತ ಕುಂತೆ. ನಾಳಿಗಿ ನೀನೂ ಬಾ, ಹೋಗಮ್.”

೭

ಎಳ್ಳಮವಾಸ್ಯೆಯ ದಿನ ಕಲಬುರಗಿಯಲ್ಲಿ ಕರ್ಫ್ಯೂ ಹಾಕಿದ ಹಾಗಿರುತ್ತದೆ. ಅಂಗಡಿ ಬಂದ್, ರಸ್ತೆ ಖಾಲಿ, ಊರೆಲ್ಲ ಹೊಲದಲ್ಲಿ. ಗುರುಪ್ರಸಾದ ಅಕ್ಕತಂಗಿಯರ ನಡುವೆ ಸಿಕ್ಕಿಕೊಳ್ಳುವುದು ಬೇಡವೆಂದು ಗೆಳೆಯನ ಹೊಲಕ್ಕೆ ಪರಾರಿಯಾದ. ವಿದ್ಯಾವತಿ, ಮದಿಹಾ ಬಸ್ಸು ಹಿಡಿದು ಕಮಲಾಪುರದಲ್ಲಿಳಿದು ತೋಟದ ದಾರಿ ಹಿಡಿದರು.

ಹೊಲದಲ್ಲಿ ಮಂದಿ ಜಮಖಾನೆ ಹಾಸಿಕೊಂಡು ನೆಲದ ಮೇಲೆ ಕೂತಿದ್ದರು. ಸೂಗಮ್ಮ ಇವರನ್ನು ನೋಡಿದಳು. ಸೊಸೆ ಸೌಂದರ್ಯಾಗೆ ಸನ್ನೆ ಮಾಡಿದಳು. ಸೌಂದರ್ಯಾ ಒಂದು ಪ್ಲಾಸ್ಟಿಕ್ ಕುರ್ಚಿ ತಂದು, ಸೆರಗಿನಿಂದ ಒರೆಸಿ, ಬೇವಿನ ಗಿಡದ ನೆರಳಿಗೆ ಹಾಕಿದಳು.

“ಬರ್ರಿ. ಕೂಡ್ರಿ,” ಎಂದಳು ಸೂಗಮ್ಮ ಸ್ವಂತ ತಂಗಿಗೆ. “ಬಿಸಲಾಗ ಬಂದೀರಿ. ಬಾಟ್ಲಿ ನೀರ್ ತಂದ್ಕೊಡು ಸೌಂದರ್ಯಾ, ಇವರಿಗಿ ನಮ್ ಬಾವಿ ನೀರು ಸೇರ್ತದೋ ಇಲ್ಲೋ.”

ಎಂಥ ಏಟು! ಹೆಸರು ಕೂಗದೆ ಹೊಡೆದಿದ್ದಳು. ವಿದ್ಯಾವತಿ ಕಾಳು ಸೊಪ್ಪಿನ ಭಜ್ಜಿಯ ಪಾತ್ರೆ ಎತ್ತಿಡಲು ಎದ್ದರೆ “ಅಯ್ಯ, ನೀವ್ಯಾಕ್ರೀ” ಎಂದು ಕೂರಿಸಿದರು. ರೊಟ್ಟಿ ಬುಟ್ಟಿಗೆ ಕೈ ಹಾಕಿದರೆ ಬುಟ್ಟಿಯನ್ನೇ ಎತ್ತಿಕೊಂಡು ಹೋದರು. ಮದಿಹಾಗೆ ಮಾತ್ರ ಸೂಗಮ್ಮ, “ಏ ಹುಡುಗಿ, ಆ ಈರುಳ್ಳಿ ಹೆಚ್ಚು ಬಾ,” ಎಂದು ಮೊದಲ ಭೇಟಿಯಲ್ಲೇ ಕೆಲಸ ಹೇಳಿದಳು. ಈರುಳ್ಳಿ ಹೆಚ್ಚುವ ಮದಿಹಾಳನ್ನು ಕುರ್ಚಿಯ ಮೇಲಿನ ವಿದ್ಯಾವತಿ ಹೊಟ್ಟೆಕಿಚ್ಚಿನಿಂದ ನೋಡಿದಳು. ಚರಗದ ಹೊತ್ತಾಯಿತು. ನೀರಿನ ಚಂಬು ಸೌಂದರ್ಯಾಳ ಕೈಯಲ್ಲಿತ್ತು.

ಅದನ್ನು ನೋಡಿ ವಿದ್ಯಾವತಿಗೆ ತಡೆಯಲಾಗಲಿಲ್ಲ.

“ಅಕ್ಕಾ! ಈಗ ನಾ ಹೊಡಿತೀನಿ. ಏಟಿನ ಹೆಸರು ಮೊದಲೇ ಹೇಳ್ತೀನಿ, ಕೇಳ್ಕೋ. ತಪ್ಪಾಯ್ತು ಏಟು!”

ಹೊಲವೆಲ್ಲ ತಿರುಗಿ ನೋಡಿತು. ಮದಿಹಾ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು.

“ಏನಂದ್ರಿ?”

“ತಪ್ಪಾಯ್ತು ಅಂದೆ. ನಾ ಖುದ್ದು ಬರಬೇಕಾಗಿತ್ತು, ಬರ್ಲಿಲ್ಲ. ನಂದು ಮುಗೀತು. ಈಗ ನಿಂದು ಹೇಳು. ಆವಾಗ ನೀ ಏನ್ ಮಾಡಾಕತ್ತಿದ್ದಿ?”

ಸೂಗಮ್ಮ ಸೆರಗು ಸರಿಮಾಡಿಕೊಂಡಳು. ಯಾರೂ ಕೇಳದೆ ಇದ್ದದ್ದನ್ನು ಕೇಳಿದರೆ ಮನುಷ್ಯರು ಮೊದಲು ಸೆರಗನ್ನೋ ಟೊಪ್ಪಿಗೆಯನ್ನೋ ಸರಿಮಾಡಿಕೊಳ್ಳುತ್ತಾರೆ.

“ಏನ್ ಮಾಡ್ತಾರ? ಅಂಗಳ ಸಾರ್ಸಿ ಬಾಗಲಾಗ ಕುಂತಿದ್ದೆ. ಇವತ್ತ ಬರ್ತಾಳ, ನಾಳಿಗಿ ಬರ್ತಾಳ ಅಂತ. ಬಂದ್ರ ಒಯ್ಲಿ, ಪೂಜಿಗಿ ಆಗ್ತದ ಅಂತ ಕೆಂಪ್ ಬಾಳಿ ಗೊನಿ ಇಳಿಸಿ ಹಣ್ಣಿಗಿ ಹಾಕಿದ್ದೆ. ಹಣ್ಣಾತು. ಕಪ್ಪಾತು. ಎಮ್ಮಿಗಿ ಹಾಕಿದೆ.”

“ಇಡೀ ಗೊನಿ ಎಮ್ಮಿಗಿ ಹಾಕಿದ್ಯಾ?”

“ಮತ್ತೇನು! ಎಮ್ಮಿ ಖುದ್ದು ಬಾಗಲಿಗಿ ಬಂದಿತ್ತು. ಕಾರ್ಡ್ ಕಳ್ಸಿದ್ದಿಲ್ಲ.”

ವಿದ್ಯಾವತಿಗೆ ನಗು ಬಂತು, ಅದರ ಜೊತೆಗೇ ಅಳುವೂ ಬಂತು. ಕುರ್ಚಿಯ ಮೇಲೆ ಕೂತೇ ಎರಡನ್ನೂ ಮಾಡಿದಳು.

೮

ಈಗ ಅಂತ್ಯ. ನನ್ನ ಹತ್ತಿರ ಕೆಲವು ಇವೆ.

ಕ) ಅಕ್ಕತಂಗಿ ಅಪ್ಪಿಕೊಂಡರು. (ಸೂಗಮ್ಮ: “ಮಂದಿ ಮುಂದ ಅಪ್ಪಿಕೊಳ್ಳಾಕ ನಾವೇನು ಸೀರಿಯಲ್ನಾಗಿನವ್ರಾ?” ರದ್ದು.)

ಖ) ವಿದ್ಯಾವತಿ ಜಪಾನಿನವರ ಹಾಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದಳು. ಸೊಂಟ ಹಿಡಿದುಕೊಂಡಿತು. ಹಾಗೇ ಬಗ್ಗಿಸಿಕೊಂಡೇ ಬಸ್ಸು ಹತ್ತಿದಳು. (ವಿದ್ಯಾವತಿ: “ನಿನ್ನ ಸೊಂಟ ಹಿಡೀಲಿ.” ರದ್ದು.)

ಗ) ಸೂಗಮ್ಮ ಕ್ಷಮಿಸಲಿಲ್ಲ. ಕುರ್ಚಿ ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ ಅಲ್ಲೇ ಇತ್ತು. (ಇದಕ್ಕೆ ಬಹುಮಾನ ಬರುವ ಸಾಧ್ಯತೆ ಇತ್ತು. ಮದಿಹಾ ನನ್ನ ಕಡೆ ಈರುಳ್ಳಿ ಹೆಚ್ಚುವ ಚಾಕು ತೋರಿಸಿದಳು.)

ನಾನು ‘ಘ’ ಬರೆಯಲು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದೆ. ಸೂಗಮ್ಮ ಚರಗದ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬೆಳೆಯೊಳಗೆ ಕಾಲಿಟ್ಟವಳು, ನಿಂತಳು. ಹಿಂದೆ ತಿರುಗದೆಯೇ ಕೂಗಿದಳು:

“ಏ ವಿದ್ಯಾ! ಕುರ್ಚಿ ಮ್ಯಾಲ ಕುಂತು ಊರ್ ನೋಡ್ತೀಯೇನು? ಚಂಬು ತಗೊಂಡು ಬಾ! ನೀರ್ ಬಿಡಾಕ ನಿಮ್ಮಪ್ಪ ಬರ್ತಾನೇನು?”

ಇಬ್ಬರಿಗೂ ಅಪ್ಪ ಒಬ್ಬನೇ ಎಂಬುದು ಸಿಟ್ಟಿನಲ್ಲಿ ಅವಳಿಗೆ ಮರೆತಿರಬೇಕು. ವಿದ್ಯಾವತಿ ಎದ್ದ ರಭಸಕ್ಕೆ ಕುರ್ಚಿ ಮಗುಚಿ ಬಿತ್ತು. ಮೊಣಕಾಲು ನೋವು ಎಲ್ಲಿ ಹೋಯಿತೋ! ಸೌಂದರ್ಯಾಳ ಕೈಯಿಂದ ಚಂಬು ಕಸಿದುಕೊಂಡು ಜೋಳದ ಸಾಲಿನಲ್ಲಿ ಓಡಿದಳು.

“ಮಾತಿನ್ನ ಮುಗದಿಲ್ಲ,” ಎಂದಳು ಮುಂದಿನವಳು, ತುತ್ತು ಎಸೆಯುತ್ತ. “ಊಟ ಆದ ಮ್ಯಾಲ ಬೈತೀನಿ.”

“ಬೈ,” ಎಂದಳು ಹಿಂದಿನವಳು, ನೀರು ಬಿಡುತ್ತ. “ಏಟಿನ ಹೆಸರು ಹೇಳಿ ಬೈ.”

೯

ಊಟ ಇನ್ನೂ ಆಗಿಲ್ಲ. ಬೈಗುಳವೂ ಆಗಿಲ್ಲ. ಆದ್ದರಿಂದ ಕಥೆ ಮುಗಿದಿದೆ ಎಂದು ನಾನು ಹೇಗೆ ಹೇಳಲಿ? ಮಗುಚಿದ ಕುರ್ಚಿ ಎತ್ತಿಟ್ಟು, ಅದರ ಮೇಲೆ ಕೂತು, ಉಳಿದದ್ದನ್ನು ಸಾವಕಾಶವಾಗಿ ಬರೆಯೋಣವೆಂದುಕೊಂಡೆ. ನೆರಳೂ ಚೆನ್ನಾಗಿತ್ತು. ಕೂತೆ.

“ಏ ಅಪ್ಪಾ, ನೀ ಯಾರು?” ಜೋಳದ ನಡುವಿನಿಂದ ಸೂಗಮ್ಮನ ಧ್ವನಿ. “ಮುಂಜಾನಿಂದ ನೋಡಾಕತ್ತೀನಿ, ಬರಕೋತ ಅಡ್ಡಾಡಾಕತ್ತೀ. ಏಳು ಮ್ಯಾಲ! ಆ ಅಂಬಲಿ ಗಡಗಿ ಹೊತ್ಕೊಂಡು ಬಾ!”

ಗಡಿಗೆ ಭಾರವಿದೆ. ಎರಡೂ ಕೈ ಬೇಕು. ಪೆನ್ನು ಕುರ್ಚಿಯ ಮೇಲಿಟ್ಟು