ಮೂರನೆಯ ಕಾರ್ಡು

ನಮ್ಮಪ್ಪ ಅಂಬಪ್ಪನ ಕೈಯಲ್ಲಿ ಮಿಕ್ಸರ್ ರಿಪೇರಿ ಮಾಡಿಸಿದವರಿಗೆ ಒಂದು ಕಾಟ ತಪ್ಪಿದ್ದಲ್ಲ. ಮರುದಿನ ಬೆಳಿಗ್ಗೆ ಆತ ಅವರ ಬಾಗಿಲಿಗೆ ಹಾಜರಾಗಿ, ‘ಚಟ್ನಿ ಸಣ್ಣಗ ಆತೇನ್ರೀ?’ ಎಂದು ಕೇಳುತ್ತಾನೆ. ಅದರ ಮರುದಿನವೂ ಕೇಳುತ್ತಾನೆ. ಮಸ್ಕಿಯ ಜನ ಒಳ್ಳೆಯವರು, ನಕ್ಕು ಚಹಾ ಕೊಟ್ಟು ಕಳಿಸುತ್ತಾರೆ. ನನಗೆ ಮಾತ್ರ ನಗು ಬರುವುದಿಲ್ಲ. ಆತನಿಗೆ ಅನುಮಾನ ಮಿಕ್ಸರಿನ ಮೇಲಲ್ಲ, ತನ್ನ ಕೈ ಮೇಲೆ. ಆ ಕೈ ಮೇಲಿದ್ದ ನಂಬಿಕೆಯನ್ನು ಕಿತ್ತುಕೊಂಡವರು ಯಾರು ಎಂಬುದೂ ನನಗೆ ಗೊತ್ತಿತ್ತು, ಅಥವಾ ಗೊತ್ತು ಅಂದುಕೊಂಡಿದ್ದೆ.

ಸಿಂಧನೂರಿನ ಜವಳಗೇರಾ ರಸ್ತೆಯಲ್ಲಿ ಅಮರಗುಂಡಪ್ಪನವರ ಹತ್ತಿ ಗಿರಣಿ ಇತ್ತು. ೧೯೮೬ರಲ್ಲಿ ಅವರು ಹೈದರಾಬಾದಿನಿಂದ ಒಂದು ಕಂಪ್ಯೂಟರ್ ತರಿಸಿದರು. ಮೇಜಿನ ಮೇಲೆ ಕೂರುವಂಥದ್ದಲ್ಲ. ಎರಡು ಅಲಮಾರಿಯಷ್ಟು ದೊಡ್ಡದು, ಎದುರಿಗೆ ಸಾಲು ಸಾಲು ಕೆಂಪು ದೀಪ, ಕೆಳಗೆ ಸ್ವಿಚ್ಚುಗಳು. ಆದರೂ ಹೆಸರು ಮಿನಿ ಕಂಪ್ಯೂಟರ್. ಅದಕ್ಕೂ ಮೊದಲಿನವು ಇಡೀ ಕೋಣೆ ತುಂಬುತ್ತಿದ್ದವಂತೆ. ಐಟಿಐ ಮುಗಿಸಿದ್ದ ಅಪ್ಪನನ್ನು ಮೂರು ತಿಂಗಳು ಹೈದರಾಬಾದಿಗೆ ಕಳಿಸಿ, ಕಲಿಸಿ, ಅದರ ಮುಂದೆ ಕೂರಿಸಿದರು. ನಮ್ಮ ಕೇರಿಯಿಂದ ಆ ಗಿರಣಿಯ ಆಫೀಸಿನೊಳಗೆ ಕುರ್ಚಿಯ ಮೇಲೆ ಕೂತ ಮೊದಲಿಗ ಆತ. ಸಿಂಧನೂರಿನವರೆಲ್ಲ ‘ಕಂಪ್ಯೂಟರ್ ಅಂಬಪ್ಪ’ ಅನ್ನುತ್ತಿದ್ದರೆಂದು ಅವ್ವ ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾಳೆ.

ಆ ಹೆಮ್ಮೆ ನಡೆದದ್ದು ಹದಿನಾಲ್ಕು ತಿಂಗಳು. ಮರುವರ್ಷದ ಆಯುಧಪೂಜೆಯ ಹಿಂದಿನ ದಿನ ಅಪ್ಪ ಯಂತ್ರದ ಲೆಕ್ಕ ನೆನಪಿಟ್ಟುಕೊಳ್ಳುವ, ತಟ್ಟೆಯಗಲದ ಕಾರ್ಡುಗಳಲ್ಲಿ ಮೂರನೆಯದನ್ನು ಹೊರಗೆಳೆದು, ಅದರ ಪಿನ್ನುಗಳನ್ನು ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿದ್ದ. ಪೂಜೆಯ ಹೊತ್ತಿಗೆ ಆತ ಅಂಗಳದಲ್ಲಿ ನಿಂತಿದ್ದ. ಹೊರಗೆ ನಿಲ್ಲು ಅಂತ ಯಾರೂ ಹೇಳಿರಲಿಲ್ಲ. ಒಳಗೆ ಬಾ ಅಂತಲೂ ಯಾರೂ ಹೇಳಿರಲಿಲ್ಲ. ಪೂಜೆ, ಪ್ರಸಾದ ಎಲ್ಲ ಮುಗಿದ ಮೇಲೆ ಅಮರಗುಂಡಪ್ಪನವರು ತಾವೇ ಸ್ವಿಚ್ ಹಾಕಿದರು. ದೀಪಗಳೆಲ್ಲ ಒಮ್ಮೆ ಹತ್ತಿ ಆರಿದವು, ಸುಟ್ಟ ವಾಸನೆ ಬಂತು.

‘ಇದನ್ನ ಕಡೀಕ ಮುಟ್ಟಿದಾವ ಯಾರು?’ ಎಂದು ಅವರು ಕೇಳಿದರು. ‘ನಾನ್ರಿ’ ಎಂದ ಅಪ್ಪ. ಇಡೀ ಗಿರಣಿಯ ಎದುರು ಬೈಸಿಕೊಂಡು, ಕೆಲಸ ಕಳೆದುಕೊಂಡು ಅವತ್ತೇ ಮನೆಗೆ ಬಂದ. ಹೈದರಾಬಾದಿನ ಎಂಜಿನಿಯರನ್ನು ಯಾರೂ ಕರೆಸಲಿಲ್ಲ. ಗುಮಾಸ್ತರಿಗೆ ಮೊದಲೇ ಆ ಯಂತ್ರ ಕಂಡರೆ ಆಗುತ್ತಿರಲಿಲ್ಲ, ಖುಷಿಯಿಂದ ರಿಜಿಸ್ಟರುಗಳಿಗೆ ಮರಳಿದರು. ಕೋಣೆಗೆ ಬೀಗ ಬಿತ್ತು. ಅಪ್ಪ ಮಸ್ಕಿಯಲ್ಲಿ ರೇಡಿಯೋ, ಟಿವಿ ರಿಪೇರಿಗೆ ಕೂತ. ಕಾರ್ಡು ಸರಿಯಾಗಿ ಕೂತಿರಲಿಲ್ಲವೇನೋ ಎಂಬ ಒಂದೇ ಯೋಚನೆ ಮೂವತ್ತೇಳು ವರ್ಷ ಆತನ ತಲೆ ತಿಂದಿತು. ಇದನ್ನೆಲ್ಲ ನನಗೆ ಹೇಳಿದವಳು ಅವ್ವ. ಆತನ ಎದುರಿಗೆ ಆ ಮಾತು ತೆಗೆದರೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಡುತ್ತಿದ್ದ.

ಕಳೆದ ಬೇಸಿಗೆಯಲ್ಲಿ ಅಮರಗುಂಡಪ್ಪನವರ ಮಗ ಶಿವಕಾಂತ ನನಗೆ ಫೋನ್ ಮಾಡಿದರು. ನಾನು ಲಿಂಗಸುಗೂರಿನ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ‘ಮೇಡಂ, ಗಿರಣಿ ಖಾಲಿ ಮಾಡಾಕತ್ತೀವಿ. ಮುಂದಿನ ಸೋಮವಾರ ಉಸ್ಮಾನ್‌ಸಾಬ್ ಗುಜರಿ ಲಾರಿ ತರ್ತಾನ. ಆ ಹಳೇ ಕಂಪ್ಯೂಟರ್ ಚಾಲೂ ಆದ್ರ ನಿಮ್ಮ ಕಾಲೇಜಿಗೆ ಒಯ್ಯಿರಿ. ಅಂಬಪ್ಪನ್ನೂ ಕರಕೊಂಬರ್ರಿ, ನಮ್ಮವ್ವ ಒಂದ ಸವನ ಹಠ ಹಿಡದಾಳ’ ಎಂದರು. ನನಗೆ ಮೇಡಂ, ಅರವತ್ತು ದಾಟಿದ ಅಪ್ಪನಿಗೆ ಬರೀ ಅಂಬಪ್ಪ. ಅಲ್ಲಿಗೇ ಫೋನ್ ಇಡಬೇಕೆಂದಿದ್ದೆ.

ಆದರೆ ಅಪ್ಪ ಬರುತ್ತೇನೆ ಎಂದ. ಆತನಿಗೆ ಯಂತ್ರ ನಡೆಯುವುದು ಮುಖ್ಯವಾಗಿರಲಿಲ್ಲ. ತಪ್ಪು ತನ್ನದೋ ಅಲ್ಲವೋ ಎಂಬುದು ಲಾರಿ ಬರುವುದರೊಳಗೆ ಗೊತ್ತಾಗಬೇಕಿತ್ತು.

ಕೋಣೆಯ ಬೀಗ ತೆಗೆದಾಗ ಇಲಿ ಹಿಕ್ಕೆ, ಹತ್ತಿಯ ಧೂಳು, ಅದರ ನಡುವೆ ಆ ಎರಡು ಅಲಮಾರಿ. ಶಿವಕಾಂತರ ತಾಯಿ ಗುರುಲಿಂಗಮ್ಮನವರು ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಎಂಬತ್ತರ ಮುದುಕಿ, ಹಣೆ ತುಂಬ ವಿಭೂತಿ. ಆ ವಾರವೆಲ್ಲ ನಾವು ಬರುವ ಮೊದಲೇ ಅವರು ಅಲ್ಲಿರುತ್ತಿದ್ದರು. ಮಾತಿಲ್ಲ, ಕತೆಯಿಲ್ಲ, ಹೊತ್ತಿಗೆ ಸರಿಯಾಗಿ ಚಹಾ ಮಾತ್ರ ಬರುತ್ತಿತ್ತು. ಕಾವಲಿಗೆ ಕೂತಿದ್ದಾರೆ, ಎಲ್ಲಿ ನಾವು ಬೋಲ್ಟು ಕದಿಯುತ್ತೇವೋ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಹಳೆಯ ಯಂತ್ರಕ್ಕೆ ಒಮ್ಮೆಗೇ ಕರೆಂಟು ಕೊಡುವಂತಿಲ್ಲ. ಮೊದಲು ಕಾರ್ಡುಗಳ ಸಂಪರ್ಕ ತಪ್ಪಿಸಿ, ಪವರ್ ಸಪ್ಲೈಯನ್ನು ಮಾತ್ರ ಹೊರಗೆ ಇಟ್ಟುಕೊಂಡು, ಹತ್ತು ವೋಲ್ಟು, ಇಪ್ಪತ್ತು ವೋಲ್ಟು ಅಂತ ಎರಡು ದಿನ ಏರಿಸುತ್ತ ಹೋದೆವು. ಬಹಳ ದಿನ ಉಪವಾಸ ಇದ್ದವರಿಗೆ ಗಂಜಿ ಕುಡಿಸಿದ ಹಾಗೆ. ಉಬ್ಬಿದ್ದ ಎರಡು ಕೆಪಾಸಿಟರ್ ಬದಲಿಸಿದ ಮೇಲೆ ಅದು ಸರಿಯಾಗಿ ಐದು ವೋಲ್ಟು ಕೊಟ್ಟಿತು. ಫ್ಯಾನು ತಿರುಗಿದವು. ಆಮೇಲೆ ಕಾರ್ಡುಗಳ ಸರದಿ. ಅಪ್ಪ ಒಂದನ್ನು ತೆಗೆದ, ಎರಡನ್ನು ತೆಗೆದ, ಮೂರನೆಯದನ್ನು ಬಿಟ್ಟು ನಾಲ್ಕಕ್ಕೆ ಕೈಹಾಕಿದ. ಐದು, ಆರು, ಏಳು, ಎಲ್ಲ ಮುಗಿಸಿ ಕೈ ಒರೆಸಿಕೊಂಡು ಚಹಾ ಕುಡಿಯಲು ಕೂತ.

‘ಅಪ್ಪಾ, ಮೂರನೇದು ಉಳೀತು’ ಎಂದೆ.

‘ನಾಳೆ ನೋಡಿದರಾತು.’

‘ನಾಳೆ ಐತವಾರ. ನಾಡದು ಲಾರಿ ಬರ್ತದ. ಮೂವತ್ತೇಳು ವರ್ಷ ನಾಳೆ ನಾಳೆ ಅಂದಿದ್ದು ಸಾಲದೇನು?’

ಅಷ್ಟು ಜೋರಾಗಿ ಅನ್ನಬಾರದಿತ್ತು. ಆತ ಲೋಟ ಕೆಳಗಿಟ್ಟ. ‘ನೀನ ತಗಿಯವ್ವಾ. ನನ್ನ ಕೈಲೆ ಆಗವಲ್ದು’ ಎಂದ.

ನಾನು ಎರಡೂ ತುದಿ ಹಿಡಿದು ಎಳೆದೆ. ಕಾರ್ಡು ಸುಲಭಕ್ಕೆ ಬರಲಿಲ್ಲ. ಅಷ್ಟು ಬಿಗಿಯಾಗಿ, ಅಷ್ಟು ನೆಟ್ಟಗೆ ಕೂತಿತ್ತು. ಹೊರಗೆ ಬಂದಾಗ ಅದರ ಪಿನ್ನುಗಳು ನಿನ್ನೆ ಉಜ್ಜಿದಂತೆ ಹೊಳೆಯುತ್ತಿದ್ದವು. ಅಲ್ಲಿಯವರೆಗೆ ಕತ್ತಲಲ್ಲಿ ಕಾಣದಿದ್ದ ಒಳಭಾಗಕ್ಕೆ ಆಗ ಟಾರ್ಚ್ ಬಿಟ್ಟೆ. ಕಾರ್ಡುಗಳೆಲ್ಲ ಚುಚ್ಚಿಕೊಳ್ಳುವ ಹಿಂದಿನ ಹಲಗೆಯ ಮೇಲೆ, ಐದನೆಯ ಕಾರ್ಡು ಕೂರುವ ಜಾಗದ ಹತ್ತಿರ, ಹಸಿರು ಕಿಲುಬು ಗಟ್ಟಿಯಾಗಿ ಹಿಡಿದಿತ್ತು. ಅಲ್ಲೇ ಎರಡು ಪಿನ್ನು ಕರಗಿ ಒಂದಕ್ಕೊಂದು ಅಂಟಿದ್ದವು. ಅವುಗಳ ಸಂದಿಯಲ್ಲಿ ಏನೋ ಸಿಕ್ಕಿಕೊಂಡಿತ್ತು. ಚಿಮಟದಿಂದ ಎಳೆದು ಅಂಗೈ ಮೇಲೆ ಇಟ್ಟುಕೊಂಡೆ. ಒಣಗಿ ಕಂದಾದ ಮೂರು ಎಲೆಯ ದಳ. ಬಿಲ್ವಪತ್ರೆ.

‘ಅದು ನಾ ಹಾಕಿದ್ದು’ ಎಂದರು ಗುರುಲಿಂಗಮ್ಮ.

ನಾನು ತಿರುಗಿ ನೋಡಿದೆ. ಅವರು ಕುರ್ಚಿಯಿಂದ ಎದ್ದು ಗೋಡೆ ಹಿಡಿದು ನಿಂತಿದ್ದರು.

‘ಎಲ್ಲಾರೂ ಪ್ರಸಾದಕ್ಕ ಕುಂತಿದ್ರು. ಗುರುಗುಂಟಿ ಅಮರೇಶ್ವರನ ತೀರ್ಥ ತರಿಸಿಟ್ಟಿದ್ದೆ. ಹತ್ತಿ ಮಿಷನ್ನಿಗೆಲ್ಲಾ ಹಾಕಿ, ಇದಕ್ಕ ಯಾಕ ಕಡಿಮಿ ಮಾಡ್ಲಿ ಅಂತ ಮ್ಯಾಲಿನ ಜಾಳಿಗಿ ಒಳಗ ಪತ್ರಿ ಸಮೇತ ಹಾಕಿದೆ.’

‘ಚೂರು ಚುಮುಕಿಸಿದ್ರೇನ್ರಿ?’

‘ಇಲ್ಲವ್ವಾ. ಅರ್ಧ ತಂಬಿಗಿ.’

ಬೇರೆ ಹೊತ್ತಾಗಿದ್ದರೆ ನಕ್ಕುಬಿಡುತ್ತಿದ್ದೆ. ‘ಅವತ್ತ ಗೊತ್ತಿತ್ತೇನ್ರಿ ನಿಮಗ?’ ಎಂದು ಕೇಳಿದೆ.

‘ಸುಟ್ಟ ವಾಸನಿ ಬಂದಾಗ ಗೊತ್ತಾತು. ಅಷ್ಟರಾಗ ಅಂಬಪ್ಪ ತಾನಾಗೇ ನಾ ಮುಟ್ಟೀನ್ರಿ ಅಂದುಬಿಟ್ಟ. ಸುಮ್ಮಕಾದೆ. ಯಜಮಾನ್ರ ಅಂಜಿಕಿ ಒಂದು, ತೀರ್ಥದಿಂದ ಕೆಟ್ಟತು ಅಂದ್ರ ದೇವ್ರಿಗೆ ಕೆಟ್ಟ ಹೆಸ್ರು ಬರ್ತದ ಅನ್ನೂ ಅಂಜಿಕಿ ಒಂದು.’

‘ಯಜಮಾನ್ರು ತೀರಿ ಹನ್ನೆರಡು ವರ್ಷ ಆತಲ್ರಿ.’

‘ಹೂನವ್ವಾ. ಅಂಜಿಕಿ ಹೋತು, ಆಮ್ಯಾಲೆ ನಾಚಿಕಿ ಬಂತು. ನನ್ನ ಬಾಯಿಲೆ ಆಗಲಾರದ್ದು ಈ ಮಿಷನ್ ಹೊಟ್ಟಿಯಿಂದರ ಹೊರಗ ಬರಲಿ ಅಂತ ಅಂಬಪ್ಪನ್ನ ಕರೀರಿ ಅಂದೆ.’

ವಾರವಿಡೀ ಅವರು ಕಾದು ಕೂತದ್ದು ಏನಕ್ಕೆಂದು ಆಗ ತಿಳಿಯಿತು. ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಅನ್ನಬೇಕಾದ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದಿದ್ದವು. ಅಪ್ಪನತ್ತ ನೋಡಿ ತಡೆದುಕೊಂಡೆ. ಆತ ನಮ್ಮ ಮಾತು ಕೇಳಿಸಿಕೊಂಡಂತೆಯೇ ಇರಲಿಲ್ಲ. ಮೂರನೆಯ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಪಿನ್ನು ನೋಡುತ್ತಿದ್ದ. ಕಣ್ಣೀರು ಮೀಸೆಗೆ ಇಳಿಯುತ್ತಿತ್ತು.

‘ನಂದಿನೀ, ಸರಿಯಾಗೇ ಕುಂತಿತ್ತಲ್ಲ?’ ಎಂದ.

‘ಎಳದ್ರ ಬರವಲ್ದಾಗಿತ್ತಪ್ಪ’ ಎಂದೆ. ನನಗೂ ಅಳು ಬಂತು.

ಅಪ್ಪ ಮುಖ ಒರೆಸಿಕೊಂಡು ಗುರುಲಿಂಗಮ್ಮನವರ ಮುಂದೆ ನಿಂತ. ಯಾರಿಂದಲೂ ಏನನ್ನೂ ಬೇಡದ ಮನುಷ್ಯ. ಹೋಗಲಿ ಬಿಡ್ರಿ ಅನ್ನುತ್ತಾನೆ ಎಂದೇ ತಿಳಿದೆ. ‘ಅವ್ವಾರ, ನನಗಷ್ಟ ಹೇಳಿದ್ರ ಸಾಲಂಗಿಲ್ರಿ. ಅವತ್ತು ಎಲ್ಲಾರ ಮುಂದ ನನ್ನ ಬೈದ್ರು. ನಿಮ್ಮ ಮಗನ ಮುಂದರ ಹೇಳ್ರಿ’ ಎಂದ.

ಅವರು ಮಗನನ್ನು ಕೂಗಿ ಕರೆದರು. ಶಿವಕಾಂತ ಮೊಬೈಲು ಕಿವಿಗಿಟ್ಟುಕೊಂಡೇ ಬಂದರು. ‘ಫೋನ್ ಇಡು’ ಎಂದರು ತಾಯಿ. ‘ಈ ಮಿಷನ್ ಕೆಡಿಸಿದಾಕಿ ನಾನು. ಅಂಬಪ್ಪ ಅಲ್ಲ. ನಿಮ್ಮಪ್ಪ ಅನ್ಯಾಯವಾಗಿ ಬೈದು ಕಳಿಸಿದ್ರು, ನಾ ನೋಡಿಕೋತ ನಿಂತಿದ್ದೆ.’

ಶಿವಕಾಂತ ನಮ್ಮ ಮೂವರ ಮುಖವನ್ನೂ ನೋಡಿದರು. ‘ಇರಲಿ ಬಿಡವ್ವಾ, ಹಳೇ ಮಾತು’ ಎಂದರು.

‘ಹಳೇದಲ್ಲಪಾ. ಇವತ್ತು ಮುಂಜಾನಿತನಕ ಅಂಬಪ್ಪನ ತಲಿ ಮ್ಯಾಲ ಇತ್ತು’ ಎಂದರು ಗುರುಲಿಂಗಮ್ಮ.

ಶಿವಕಾಂತ ಮೊಬೈಲು ಜೇಬಿಗಿಟ್ಟು, ‘ತಪ್ಪಾಗೇದರಿ ಅಂಬಪ್ಪನವರ’ ಎಂದರು. ಅಪ್ಪ ತಲೆಯಾಡಿಸಿ, ನನ್ನ ಕೈಯಿಂದ ಟಾರ್ಚ್ ತೆಗೆದುಕೊಂಡು ಕೆಲಸಕ್ಕೆ ಬಗ್ಗಿದ.

ಐತವಾರ ಮಧ್ಯಾಹ್ನದವರೆಗೆ ಕಿಲುಬನ್ನು ಸ್ಪಿರಿಟ್ ಹಚ್ಚಿ ಬ್ರಷ್ಷಿನಿಂದ ತಿಕ್ಕಿದೆವು. ಕರಗಿದ ಪಿನ್ನು ಬಿಡಿಸಿ ಬೆಸುಗೆ ಹಾಕಿದೆವು. ಐದನೆಯ ಕಾರ್ಡಿನಲ್ಲಿ ಸುಟ್ಟಿದ್ದ ಒಂದು ಚಿಪ್ಪಿಗೆ ನಾನು ಕಾಲೇಜಿನಿಂದ ತಂದಿದ್ದ ಹಳೆಯ ಬಿಡಿಭಾಗಗಳ ಡಬ್ಬಿಯಲ್ಲಿ ಜೋಡಿ ಸಿಕ್ಕಿತು. ಮೂರು ಗಂಟೆಗೆ ಅಪ್ಪ ತಾನೇ ಸ್ವಿಚ್ ಹಾಕಿದ. ಬಾಯಿಪಾಠವಿದ್ದ ಏಳೆಂಟು ಆಜ್ಞೆಗಳನ್ನು ಒಂದೊಂದೇ ಸ್ವಿಚ್ಚು ಎತ್ತಿ ಇಳಿಸಿ ತುಂಬಿದ. ಕೆಂಪು ದೀಪ ಬಲದಿಂದ ಎಡಕ್ಕೆ ಓಡಿತು, ಮತ್ತೆ ಓಡಿತು. ಮುಟ್ಟಿ ನೋಡದೆ, ಅನುಮಾನಪಡದೆ, ಆತ ಕೈಕಟ್ಟಿಕೊಂಡು ನಿಂತು ನೋಡಿದ.

ಕಾಲೇಜಿಗೆ ಒಯ್ಯಲು ಯಂತ್ರವನ್ನು ಗುಜರಿಯಿಂದ ಬೇರೆ ಇಡಿಸಿ, ಸಂಜೆ ಮಸ್ಕಿ ಮೇಲೆ ಹಾಯ್ದು ಲಿಂಗಸುಗೂರಿಗೆ ಹೋಗುವ ಬಸ್ಸು ಹತ್ತಿದೆವು. ಅಪ್ಪನ ಪಕ್ಕದಲ್ಲಿ ಪರಿಚಯವಿಲ್ಲದ ರೈತರೊಬ್ಬರು ಕೂತಿದ್ದರು. ಬಸ್ಸು ಊರು ದಾಟುವ ಮೊದಲೇ ಅಪ್ಪ ಅವರತ್ತ ತಿರುಗಿ, ‘ಒಂದು ಕಾರ್ಡು ಇತ್ತು ನೋಡ್ರಿ’ ಎಂದು ಶುರುಮಾಡಿದ. ಅವ್ವನ ಮುಂದೆ, ನನ್ನ ಮುಂದೆ ಒಂದು ದಿನವೂ ಆಡದ ಮಾತನ್ನು ಬಿಡಿಬಿಡಿಸಿ ಹೇಳಿದ. ಆ ರೈತರಿಗೆ ಒಂದಕ್ಷರವೂ ತಿಳಿಯಲಿಲ್ಲ. ಛಲೋ ಆತು ಬಿಡ್ರಿ ಎಂದು ತಮ್ಮ ಊರು ಬಂದಾಗ ಇಳಿದುಹೋದರು. ಖಾಲಿಯಾದ ಜಾಗದಲ್ಲಿ ಲಿಂಗಸುಗೂರಿಗೆ ಹೊರಟಿದ್ದ ಅಜ್ಜಿಯೊಬ್ಬಳು ಕೈಚೀಲ ಇಟ್ಟುಕೊಂಡು ಕೂತಳು. ಅಪ್ಪ ಅವಳಿಗೆ ಸರಿದು ಜಾಗ ಮಾಡಿಕೊಟ್ಟು, ಮತ್ತೆ ಮೊದಲಿನಿಂದ ಹೇಳತೊಡಗಿದ.